ಕನ್ನಡ ಮಾಸ್ತರರ ಓಟದ ಗಾಡಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕನ ಸ್ಥಾನವೆಂದರೆ ಮದುವೆಮನೆಗೆ ಬಂದ ದೂರದ ನಂಟನ ಸ್ಥಾನ. ಊಟಕ್ಕೆ ಎಲೆ ಹಾಕುತ್ತಾರೆ, ಮಾತುಕತೆಗೆ ಕರೆಯುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಅರಿಯದವರಿಗೆ ‘ಬಳಕೆ ಕನ್ನಡ’ವನ್ನೂ ಪಠ್ಯದಲ್ಲಿ ಸೇರಿಸಿದ ಪುಣ್ಯದಿಂದ ನನ್ನಂಥವನ ಅನ್ನಕ್ಕೆ ದಾರಿಯಾಗಿದೆ. ಕಲಬುರಗಿಯ ನಮ್ಮ ಕಾಲೇಜಿನಲ್ಲಿ ನನಗೆ ಕೆಲಸ ಕಡಿಮೆಯೆಂಬ ನಂಬಿಕೆ ಬಲವಾಗಿರುವುದರಿಂದ, ಯಾರಿಗೂ ಬೇಡವಾದ ಹೊಣೆಗಳೆಲ್ಲ ನನ್ನ ಮೇಜಿಗೇ ಬಂದು ಸೇರುತ್ತವೆ. ರಕ್ತದಾನ ಶಿಬಿರ ನನ್ನದು, ಗಿಡ ನೆಡುವುದು ನನ್ನದು. ಹೀಗೆಯೇ ಒಂದು ದಿನ ಗೋ-ಕಾರ್ಟ್ ತಂಡದ ಪ್ರಭಾರಿ ಅಧ್ಯಾಪಕನೂ ಆದೆ.

ಗೋ-ಕಾರ್ಟ್ ಎಂದರೇನೆಂದು ಓದುಗರು ಕೇಳಬಹುದು, ನಾನೂ ಕೇಳಿದೆ. 1956ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನು ಕಟ್ಟಿ ಓಡಿಸಿದನಂತೆ. ಅಂದಿನಿಂದ ಈ ಗಾಡಿಯ ಸ್ವರೂಪ ಮೂಲತಃ ಬದಲಾಗಿಲ್ಲ. ಮೇಲೆ ಮುಚ್ಚಳವಿಲ್ಲ, ಕೆಳಗೆ ಸ್ಪ್ರಿಂಗ್ ಇಲ್ಲ. ನಮ್ಮ ಎತ್ತಿನ ಬಂಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನದು ಹೆಚ್ಚು ಓಡಿದರೂ ಒಳಗಿನದಕ್ಕೆ ಬೇಸರವಿಲ್ಲ. ಕಾರ್ಟಿನ ಹಿಂದಿನ ಎರಡು ಗಾಲಿಗಳು ಮಾತ್ರ ಒಂದೇ ಅಚ್ಚಿಗೆ ಬಿಗಿದ ದಾಯಾದಿಗಳು. ಒಂದು ತಿರುಗಿದಷ್ಟೇ ಇನ್ನೊಂದೂ ತಿರುಗಬೇಕು. ಆದಕಾರಣ ತಿರುವಿನಲ್ಲಿ ಒಳಗಿನ ಗಾಲಿ ನೆಲದಿಂದ ಒಂದಿಷ್ಟು ಮೇಲೆದ್ದರೆ ಮಾತ್ರ ಗಾಡಿ ಸಲೀಸಾಗಿ ಹೊರಳುತ್ತದೆ. ಆ ಎದ್ದೇಳುವಿಕೆಗೆ ಬೇಕಾದಷ್ಟೇ ಬಳುಕು ಚೌಕಟ್ಟಿನಲ್ಲಿರಬೇಕು. ಹೆಚ್ಚಾದರೆ ಗಾಡಿ ಓಲಾಡುತ್ತದೆ, ಕಡಿಮೆಯಾದರೆ ಹಟ ಹಿಡಿಯುತ್ತದೆ. ಇದೆಲ್ಲ ಬೆಸುಗೆ ಹಾಕುವವನ ಕೈಯಲ್ಲಿದೆ.

ನಮ್ಮ ತಂಡದಲ್ಲಿ ಬೆಸುಗೆಯ ಕೈ ಇದ್ದದ್ದು ಒಬ್ಬನಿಗೆ. ಕಮಲಾಪುರದ ಹುಡುಗ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬಂದವನು. ತರಗತಿಯಲ್ಲಿ ಕೊನೆಯ ಬೆಂಚು, ಮಾತು ಎಣಿಸಿದಷ್ಟು. ಅವನ ತಂದೆಗೆ ಹುಮನಾಬಾದ್ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಮಾಡುವ ಶೆಡ್ಡು ಇದೆ. ಕಾಲೇಜಿನ ಕಾರ್ಯಾಗಾರಕ್ಕೆ ಸಂಜೆ ಬೀಗ ಬೀಳುವುದರಿಂದ, ಕಾರ್ಟು ರೂಪುಗೊಂಡದ್ದು ಆ ಶೆಡ್ಡಿನಲ್ಲಿಯೇ. ಭಾನುವಾರಗಳಂದು ನಾವೆಲ್ಲ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆವು. ಆ ಊರಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವ ಸಂಗತಿ ಹಲವರಿಗೆ ಗೊತ್ತು. ಬಸ್ಸಿಳಿದವನು ಒಂದು ಹಣ್ಣನ್ನು ಸುಲಿಯದೆ ಮುಂದೆ ಹೋಗುವುದು ನನ್ನ ಅಭಿಪ್ರಾಯದಲ್ಲಿ ಅರಸಿಕತೆ. ನಾನು ಹಣ್ಣು ತಿನ್ನುತ್ತ ಮೂಲೆಯಲ್ಲಿ ಕುಳಿತಿರುತ್ತಿದ್ದೆ. ಹುಡುಗರು ಕೊಳವೆ ಬಗ್ಗಿಸುತ್ತಿದ್ದರು. ಆ ತಂದೆ ತಮ್ಮ ಅರ್ಧ ಮುಗಿದ ಟ್ರಾಲಿಯನ್ನು ಬಿಸಿಲಿಗೆ ದೂಡಿ ನಮಗೆ ನೆರಳು ಬಿಟ್ಟುಕೊಟ್ಟಿದ್ದರು. ಮೂರು ತಿಂಗಳು ಅವರು ಬಾಡಿಗೆಯ ಮಾತೆತ್ತಲಿಲ್ಲ.

ಗಾಡಿಯ ಮುಂಗಾಲಿಗಳು ತಿರುಗುವ ಬಗೆಯನ್ನು ಹುಡುಗರು ನನಗೆ ವಿವರಿಸಿದರು. ಅದಕ್ಕೆ ‘ಆಕರ್ಮನ್’ ಎಂಬ ಹೆಸರು. ಕುತೂಹಲದಿಂದ ಹುಡುಕಿ ನೋಡಿದರೆ, ಅದನ್ನು ಕಂಡುಹಿಡಿದವನು ಮ್ಯೂನಿಕ್ ನಗರದ ಬಂಡಿ ಕಟ್ಟುವ ಲಾಂಕೆನ್ಸ್‌ಪರ್ಗರ್ ಎಂಬಾತ! ಆಕರ್ಮನ್ ಅವನ ಲಂಡನ್ನಿನ ಪ್ರತಿನಿಧಿ. 1818ರಲ್ಲಿ ಅಲ್ಲಿ ಪೇಟೆಂಟ್ ಪಡೆದವನು. ಕಟ್ಟಿದವನ ಹೆಸರನ್ನು ಉಚ್ಚರಿಸುವುದೂ ಇಂದು ನಮಗೆ ಕಷ್ಟ.

ಸ್ಪರ್ಧೆಯ ಅರ್ಜಿಯನ್ನು ತುಂಬುವ ದಿನ ಈ ಸಂಗತಿ ನನಗೆ ಮತ್ತೆ ನೆನಪಾಯಿತು. ಚಾಲಕರು ಇಬ್ಬರು. ಕಮಲಾಪುರದವನ ತೂಕ ತೊಂಬತ್ತು ಕಿಲೋ. ಸಣ್ಣ ಎಂಜಿನ್ನಿಗೆ ಹತ್ತು ಕಿಲೋ ಹೆಚ್ಚಾದರೂ ಭಾರವೇ. ಆದ್ದರಿಂದ ಅವನು ಅಲ್ಲಿಲ್ಲ. ತೀರ್ಪುಗಾರರ ಮುಂದೆ ವಿನ್ಯಾಸವನ್ನು ಸಮರ್ಥಿಸಬೇಕಾದವರು ಮೂವರು. ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಆದ್ದರಿಂದ ಅವನು ಅಲ್ಲಿಯೂ ಇಲ್ಲ. ಎರಡು ನಿರ್ಧಾರಗಳೂ ತರ್ಕಬದ್ಧವೇ. ನಾಯಕ ಒಳ್ಳೆಯ ಹುಡುಗ, ಯಾರನ್ನೂ ನೋಯಿಸುವವನಲ್ಲ. ಆದರೂ ನನ್ನ ರುಜು ಬೇಕಾಗಿದ್ದ ಆ ಹಾಳೆಯಲ್ಲಿ ‘ಇತರ ಸದಸ್ಯರು’ ಎಂಬ ಸಾಲಿನಲ್ಲಿ ಅವನನ್ನು ಕಂಡಾಗ ಲೇಖನಿ ಒಂದು ಕ್ಷಣ ನಿಂತಿತು.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರು ಸೇರಿದೆವು. ಕಾರ್ಟು ಲಾರಿಯಲ್ಲಿ ಬಂತು. ಓಟ ನಗರದ ಹೊರವಲಯದ ಒಂದು ಪಥದಲ್ಲಿ. ಕೊನೆಯ ದಿನದ್ದು ಸಹನೆಯ ಓಟ. ಒಂದು ಗಂಟೆ ನಿಲ್ಲದೆ ಓಡಬೇಕು, ನಡುವೆ ಚಾಲಕ ಬದಲಾಗಬೇಕು. ಯಂತ್ರವೊಂದರ ಯೋಗ್ಯತೆ ವೇಗದಿಂದಲ್ಲ, ತಾಳಿಕೆಯಿಂದ ತಿಳಿಯುತ್ತದೆಂಬುದು ಹಳೆಯ ವಿಚಾರ. ಫ್ರಾನ್ಸಿನ ಲಮಾನ್ಸಿನಲ್ಲಿ 1923ರಿಂದ ಇಪ್ಪತ್ತನಾಲ್ಕು ಗಂಟೆಗಳ ಓಟ ನಡೆಯುತ್ತಿರುವುದೂ ಇದಕ್ಕಾಗಿಯೇ. ನಮಗೆ ಒಂದು ಗಂಟೆಯೇ ಯುಗವಾಯಿತು. ಸ್ಪ್ರಿಂಗ್ ಇಲ್ಲದ ಆಸನದಲ್ಲಿ ಅರ್ಧ ಗಂಟೆ ಕುಳಿತ ನಮ್ಮ ಮೊದಲ ಚಾಲಕನಿಗೆ ಇಳಿದಾಗ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಬೆರಳು ಬಗ್ಗಲಿಲ್ಲ. ಪಕ್ಕೆಲುಬು ಹಿಡಿದುಕೊಂಡು ಅಲ್ಲಿಯೇ ಕುಳಿತ.

ಇಪ್ಪತ್ತೊಂದು ಗಾಡಿಗಳಲ್ಲಿ ನಾವು ಐದನೆಯವರಾಗಿದ್ದೆವು. ನಲವತ್ತೈದನೆಯ ನಿಮಿಷವಿರಬಹುದು. ಕಮಲಾಪುರದವನು ಬೇಲಿಯಿಂದ ನನ್ನ ಬಳಿಗೆ ಬಂದ.

“ಸರ, ಚೈನ್ ಸಡ್ಲ ಆಗ್ಯಾದ್ರಿ. ಗಾಡಿ ಒಳಗ ಕರೀರಿ.”

ನಾಯಕ ತಿರುಗಿದ. “ಇನ್ನ ಹದಿನೈದು ನಿಮಿಷ ಅದ ಸರ. ಈಗ ಕರದ್ರ ಎಲ್ಲಾ ಹೋತು. ಇವಂಗ ಹ್ಯಾಂಗ ಗೊತ್ತಾತು ಕೇಳ್ರಿ.”

ಅವನು ಉತ್ತರಿಸಲಿಲ್ಲ. ಗಾಡಿ ಮತ್ತೊಮ್ಮೆ ನಮ್ಮೆದುರು ಹಾಯ್ದಾಗ ಬೆರಳೆತ್ತಿ, “ಈಗ ಕೇಳ್ರಿ” ಎಂದ. ನನ್ನ ಕಿವಿಗೆ ಬಿದ್ದದ್ದು ಇಪ್ಪತ್ತು ಎಂಜಿನ್ನುಗಳ ಒಂದೇ ಗದ್ದಲ.

ಆದರೆ ನನಗೆ ತಿಳಿದದ್ದು ಒಂದಿತ್ತು. ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಗಳಲ್ಲಿ ನಡೆಯುತ್ತದೆ. ಓದುವ ವಿದ್ಯಾರ್ಥಿ ಎಲ್ಲಿಯೋ ಒಂದು ಮಾತ್ರೆ ನುಂಗಿದರೆ, ನಾನು ಕಿಟಕಿಯ ಹೊರಗೆ ನೋಡುತ್ತಿದ್ದರೂ ಕಿವಿ ಚುಚ್ಚುತ್ತದೆ. “ಎಲ್ಲಿ ತಪ್ಪಿತು ಸರ?” ಎಂದರೆ ಗಣ ಹಾಕಿ ತೋರಿಸಬೇಕು, ಚುಚ್ಚಿದ್ದು ಮಾತ್ರ ಅದಕ್ಕೆ ಮೊದಲೇ. ಈ ಹುಡುಗ ಹುಟ್ಟಿದಂದಿನಿಂದ ಶೆಡ್ಡಿನ ಸದ್ದಿನಲ್ಲಿ ಬೆಳೆದವನು. ನಾಯಕನ ಮುಖದಲ್ಲಿ ಬೇಡಿಕೆ ಇತ್ತು. ಐದು ಮಂದಿ ತಿಂಗಳುಗಟ್ಟಲೆ ಜೇಬು ಹಿಂಡಿ ಕೂಡಿಸಿದ ಹಣ ಆ ಗಾಡಿಯಲ್ಲಿತ್ತು. ಮೊದಲ ಐದು ಸ್ಥಾನಗಳಿಗೆ ಬಹುಮಾನವಿತ್ತು. “ಕರೆಯಿರಿ” ಎಂದೆ.

ಗಾಡಿ ಒಳಗೆ ಬಂತು. ಅವನು ಮಂಡಿಯೂರಿ ಎಂಜಿನ್ನಿನ ಕೆಳಗೆ ಕೈ ಹಾಕಿದ. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದ ನಾಲ್ಕು ಬೋಲ್ಟುಗಳಲ್ಲಿ ಎರಡು ಬೆರಳಿಗೇ ತಿರುಗಿದವು. ನಡುಕಕ್ಕೆ ಬೋಲ್ಟು ಸಡಿಲಿಸಿ ಎಂಜಿನ್ ಹಿಂದಿನ ಅಚ್ಚಿನ ಕಡೆಗೆ ಜರುಗಿತ್ತು, ಚೈನು ಜೋತುಬಿದ್ದಿತ್ತು. ಎಂಜಿನ್ನನ್ನು ಮುಂದಕ್ಕೆ ಎಳೆದು, ಚೈನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಿಗಿದ. ನಾಲ್ಕು ನಿಮಿಷ. ನಾವು ಎಂಟನೆಯವರಾಗಿ ಓಟ ಮುಗಿಸಿದೆವು. ನಮ್ಮ ಚೈನು ಉಳಿದ ಹದಿನೈದು ನಿಮಿಷ ತಡೆಯುತ್ತಿತ್ತೇ ಎಂಬುದು ನಮ್ಮಲ್ಲಿ ಇಂದಿಗೂ ವಾದದ ವಿಷಯ.

ಹಿಂತಿರುಗುವ ರೈಲಿನಲ್ಲಿ ಗುಂತಕಲ್ಲು ದಾಟುವವರೆಗೂ ನಾಯಕ ಯಾರೊಡನೆಯೂ ಮಾತನಾಡಲಿಲ್ಲ. ಬೆಳಗಾಗಿ ವಾಡಿಯಲ್ಲಿ ಗಾಡಿ ನಿಂತಾಗ ಇಳಿದು ಎರಡು ಚಹಾ ತಂದು, ಒಂದನ್ನು ಕಮಲಾಪುರದವನಿಗೆ ಕೊಟ್ಟು, “ಆ ಸಪ್ಪಳ ಹ್ಯಾಂಗಿತ್ತಲೇ?” ಎಂದು ಕೇಳಿದ. ಇಬ್ಬರೂ ಕಲಬುರಗಿಯವರೆಗೆ ಬಾಗಿಲ ಬಳಿ ನಿಂತೇ ಬಂದರು.

ಈ ವರ್ಷದ ಅರ್ಜಿ ಬಂದಿದೆ. ತೀರ್ಪುಗಾರರ ಮುಂದೆ ನಿಲ್ಲುವವರ ಸಾಲಿನಲ್ಲಿ ನಾಯಕ ತಾನಾಗಿಯೇ ಅವನ ಹೆಸರನ್ನು ಮೊದಲು ಬರೆದ. ಅವನು ಗಾಬರಿಯಾಗಿ ನನ್ನ ಕೋಣೆಗೆ ಬಂದು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದ.

“ಸರ, ಕನ್ನಡದಾಗ ಹೇಳಿದ್ರ ನಡೀತದೇನ್ರಿ?”

ಸಂಘಟಕರಿಗೆ ಕಾಗದ ಬರೆದಿದ್ದೇನೆ. ಅನುವಾದಕನಾಗಿ ನಾನೇ ನಿಲ್ಲಲು ಸಿದ್ಧನೆಂದೂ ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಸ್ಪ್ರಾಕೆಟ್ಟಿನ ಹಲ್ಲುಗಳ ಲೆಕ್ಕವನ್ನು ಅವನಿಂದ ಕಲಿಯುತ್ತಿದ್ದೇನೆ.