ನಮ್ಮ ಯಜಮಾನರು ಕ್ಯಾಂಪಿಗೆ ಹೋಗಿದ್ದಾರೆ

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ತುಮಕೂರಿನ ಕಚೇರಿಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುತ್ತಾರೆ. ಅವತ್ತು ಭಾಷಣಕ್ಕೆ ನಿಂತವರು ಎರಡು ಮೋಂಬತ್ತಿಗಳ ಕತೆಯನ್ನು ಮರೆಯದೆ ಹೇಳುತ್ತಾರೆ. ಸರ್ಕಾರದ ಕಾಗದ ನೋಡುವಾಗ ಸರ್ಕಾರದ ಮೋಂಬತ್ತಿ, ಸ್ವಂತ ಕಾಗದ ಬರೆಯುವಾಗ ಸ್ವಂತ ಮೋಂಬತ್ತಿ. ದಿವಾನಗಿರಿ ಒಪ್ಪಿಕೊಳ್ಳುವ ಮುಂಚೆ ನೆಂಟರನ್ನೆಲ್ಲ ಕರೆದು, ಶಿಫಾರಸಿಗೆ ಯಾರೂ ಬರಕೂಡದೆಂದು ಮಾತು ತೆಗೆದುಕೊಂಡರೆಂಬ ಕತೆಯೂ ಅದರ ಹಿಂದೆಯೇ ಬರುತ್ತದೆ. ಎರಡೂ ಕತೆಗಳಲ್ಲಿ ಮನೆ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ. ವಿಶ್ವೇಶ್ವರಯ್ಯನವರ ಬದುಕಿನಲ್ಲಿ ಹೆಂಡತಿ ಮಕ್ಕಳ ಸಂಸಾರ ಉಳಿಯಲಿಲ್ಲ. ನೂರು ವರ್ಷ ದಾಟಿ ಬಾಳಿದ ಆ ಮಹನೀಯರು ಕೆಲಸವನ್ನೇ ಸಂಸಾರ ಮಾಡಿಕೊಂಡರು.

ಆದರೆ ಆ ಪಟದ ಮುಂದೆ ಕೂತು ಭಾಷಣ ಕೇಳುವ ಎಂಜಿನಿಯರುಗಳು ಸಂಜೆ ಮನೆಗೆ ಹೋಗಬೇಕು. ಅಲ್ಲಿ ವಯಸ್ಸಾದ ತಾಯಿ ಇರುತ್ತಾರೆ, ಎಸ್ಸೆಸ್ಸೆಲ್ಸಿ ಓದುವ ಮಗಳು, ಮದುವೆಯಾಗಬೇಕಾದ ತಂಗಿ ಇರುತ್ತಾರೆ. ನಾಡಿನ ನಾಲೆ, ಕಟ್ಟೆ, ಸೇತುವೆಗಳಲ್ಲಿ ಬಹುಪಾಲನ್ನು ಕಟ್ಟಿದವರು ಇಂಥ ಸಂಸಾರಸ್ಥರೇ. ಅವರ ಬಗ್ಗೆ ಹೇಳುವುದಕ್ಕೆ ಮೋಂಬತ್ತಿಯಂಥ ಕತೆ ಯಾವುದೂ ಚಾಲ್ತಿಯಲ್ಲಿಲ್ಲ. ಅವರು ತೀರಿಕೊಂಡಾಗ ಕೈಲಾಸ ಸಮಾರಾಧನೆಯ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ನಿವೃತ್ತ ಕಾರ್ಯಪಾಲಕ ಎಂಜಿನಿಯರ್’ ಎಂದು ಒಂದು ಸಾಲು ಅಚ್ಚಾಗುತ್ತದೆ, ಅಷ್ಟೆ. ಯಾವ ನಾಲೆ, ಯಾವ ಏರಿ, ಯಾವ ತೂಬು ಅವರ ಕೈಯಲ್ಲಿ ಆಯಿತೆಂದು ಅದರಲ್ಲಿ ಇರುವುದಿಲ್ಲ.

ಕಟ್ಟಿದವರ ಹೆಸರು ಹೀಗೆ ಮರೆಯಾಗುವುದಕ್ಕೆ ತುಮಕೂರು ಜಿಲ್ಲೆಯಲ್ಲಿ ಎದ್ದು ಕಾಣುವ ಉದಾಹರಣೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಹೊಳೆ ಗುಬ್ಬಿ ಸೀಮೆಯ ಕಡಬದ ಮೇಲೆ ಹಾದು ಇಲ್ಲಿಗೆ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಗಾಲದಲ್ಲಿ ಕೈಗೆತ್ತಿಕೊಂಡ ಅಣೆಕಟ್ಟು ಅದು. ನಡುವೆ 139 ಮೀಟರ್ ಕಲ್ಲುಗಾರೆಯ ಕಟ್ಟಡ, ಎರಡು ಮಗ್ಗುಲಿಗೂ ಚಾಚಿಕೊಂಡ ಒಟ್ಟು 1,470 ಮೀಟರ್ ಮಣ್ಣಿನ ಏರಿ. ಸುಮಾರು 6,000 ಹೆಕ್ಟೇರಿಗೆ ನೀರು. ಎಂಜಿನಿಯರಿಂಗ್ ಲೋಕ ಈ ಕಟ್ಟೆಯ ಹೆಸರು ಹೇಳುವುದು ಗಾತ್ರಕ್ಕಲ್ಲ, ಅದರ ಸೈಫನ್ನಿಗೆ. ನೀರು ಪೂರ್ಣ ಮಟ್ಟ ಮೀರಿದ ಕೂಡಲೇ ಯಾರೂ ಗೇಟು ಎತ್ತದೆ, ಯಾರೂ ಗುಂಡಿ ಒತ್ತದೆ ಹೆಚ್ಚುವರಿ ನೀರು ತಾನಾಗಿ ಕೆಳಗಿಳಿಯುತ್ತದೆ.

ಇದು ನಡೆಯುವ ಬಗೆ ಸೊಗಸಾಗಿದೆ. ಜಲಾಶಯದೊಳಗೆ ನೆಟ್ಟಗೆ ನಿಂತ ದೊಡ್ಡ ಆಲಿಕೆಯಂಥ ಬಾವಿ, ಅದರ ಮೇಲೊಂದು ಗುಮ್ಮಟ. ಆಲಿಕೆಯ ಬಾಯಿ ಪೂರ್ಣ ಮಟ್ಟದ ಸಮಕ್ಕಿದೆ. ನೀರು ಅದಕ್ಕಿಂತ ಸ್ವಲ್ಪ ಏರಿದರೆ ಬಾಯಿಯ ಸುತ್ತಲಿಂದ ಒಳಕ್ಕೆ ಸುರಿಯತೊಡಗುತ್ತದೆ. ಒಳಮೈಯಲ್ಲಿ ಓರೆಯಾಗಿ ಕೂರಿಸಿದ ಬಾಗಿದ ಪಟ್ಟಿಗಳಿವೆ. ಅವುಗಳ ಮೇಲೆ ಇಳಿಯುವ ನೀರು ಗಿರಗಿರನೆ ಸುತ್ತಿ ಸುಳಿಯಾಗುತ್ತದೆ, ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಹೀರಿಕೊಂಡು ಹೊರಗೆ ಹಾಕುತ್ತದೆ. ಗಾಳಿ ಹೋದ ಮೇಲೆ ಸೈಫನ್ ಹಿಡಿಯಿತು ಎಂದೇ ಲೆಕ್ಕ. ಕೊಳವೆ ತುಂಬಿ ನೀರು ಭೋರ್ಗರೆದು ಹೊರಬೀಳುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳನುಗ್ಗಿ ಹರಿವು ತಾನೇ ಕಡಿಯುತ್ತದೆ. ಕರೆಂಟು ಬೇಡ, ಮೋಟಾರು ಬೇಡ.

ಇದನ್ನು ಯೋಚಿಸಿ ರೂಪಿಸಿದವರು ಮೈಸೂರಿನ ಎಂಜಿನಿಯರ್ ವಿ. ಗಣೇಶ್ ಅಯ್ಯರ್. ವಾಲ್ಯೂಟ್ ಸೈಫನ್ ಎಂಬ ಹೆಸರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದರ ಪಾಠವಿದೆ. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿಗೂ ಇದೇ ಮಾದರಿಯ ಹನ್ನೊಂದು ಸೈಫನ್ನುಗಳನ್ನು ಕೂರಿಸಿದರು. ಲಿಂಗನಮಕ್ಕಿ ಕಟ್ಟಿದ ಮೇಲೆ ಆ ಅಣೆಕಟ್ಟು ಮುಳುಗಿತು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಮಡೇನೂರಿನ ಬಳಿ ಆ ಗುಮ್ಮಟಗಳು ಮೇಲೇಳುತ್ತವೆ, ಅವುಗಳ ಜೊತೆ ಫೋಟೋ ತೆಗೆಸಿಕೊಳ್ಳಲು ಜನ ಹೋಗುತ್ತಾರೆ. ಕುಣಿಗಲ್ಲಿನಲ್ಲಿ ಮಾತ್ರ ಯಾರನ್ನು ಕೇಳಿದರೂ ಸೈಫನ್ ಮಾಡಿದ್ದು ವಿಶ್ವೇಶ್ವರಯ್ಯನವರು ಅನ್ನುತ್ತಾರೆ. ದೊಡ್ಡವರ ಮೇಲಿನ ಭಕ್ತಿಯಲ್ಲಿ ಹಾಗೆ ಹೇಳುತ್ತಾರೆ, ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೂ ಗಣೇಶ್ ಅಯ್ಯರರ ಹೆಸರು ಆ ಏರಿಯ ಮೇಲೆ ಕೇಳಿಬರಬೇಕು. ಅದು ಅವರಿಗೆ ಸಲ್ಲಬೇಕಾದ ಬಾಕಿ.

ಸೈಫನ್ನಿಗೆ ಮಟ್ಟ ಗೊತ್ತು, ಕೆಳಗೆ ಯಾರು ನಿಂತಿದ್ದಾರೆಂದು ಗೊತ್ತಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಾರ್ಕೋನಹಳ್ಳಿ ನೋಡಲು ಬಂದು ನೀರಿಗಿಳಿದಿದ್ದ ಒಂದೇ ಕುಟುಂಬದವರು ಒಮ್ಮೆಗೇ ಏರಿದ ಹರಿವಿನಲ್ಲಿ ಕೊಚ್ಚಿಹೋದರು. ಹೆಂಗಸರು, ಮಕ್ಕಳು. ತಾನಾಗಿ ನಡೆಯುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಏರಿಯ ಮೇಲೆ ನೀರು ಕಾಯುವ ಒಬ್ಬ ಸೌಡಿ ಇರಬೇಕು, ಸೈರನ್ ಇರಬೇಕು, ಇಳಿಯಬೇಡಿ ಎಂದು ಗದರುವವರು ಇರಬೇಕು. ಮನೆಯಲ್ಲಿ ಮಕ್ಕಳಿರುವ ಎಂಜಿನಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ ಕೋಡಿ ಬೀಳುವ ರಾತ್ರಿ ಅಂಥವರು ಮನೆಯಲ್ಲಿ ಮಲಗಿದ್ದು ಕಡಿಮೆ. ಏರಿಯಲ್ಲಿ ಎಲ್ಲಾದರೂ ನೀರು ಒಸರುತ್ತಿದೆಯೇ, ಇಲಿ ಬಿಲ, ಹುತ್ತದ ಬಾಯಲ್ಲಿ ಕೆಸರು ಬರುತ್ತಿದೆಯೇ ಎಂದು ಟಾರ್ಚು ಹಿಡಿದು ಉದ್ದಕ್ಕೂ ನಡೆಯುವುದು, ಮರಳಿನ ಚೀಲ ಹಾಕಿಸುವುದು, ಬೆಳಿಗ್ಗೆ ಮಳೆ ನಿಂತ ಮೇಲೆ ಮನೆಗೆ ಬಂದು ಬಿಸಿನೀರು ಕೇಳುವುದು.

ಅಷ್ಟು ಹೊತ್ತು ಮನೆಯವರು ಏನು ಮಾಡುತ್ತಿದ್ದರು? ಬಾಗಿಲಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ‘ನಮ್ಮ ಯಜಮಾನರು ಕ್ಯಾಂಪಿಗೆ ಹೋಗಿದ್ದಾರೆ.’ ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಯ ಸಂಸಾರಗಳಲ್ಲಿ ಇಷ್ಟು ಸಲ ಕೇಳಿಬಂದ ವಾಕ್ಯ ಇನ್ನೊಂದಿರಲಾರದು. ಕ್ಯಾಂಪು ಅಂದರೆ ಎಷ್ಟು ದಿನ ಎಂದು ಹೆಂಡತಿಗೂ ಗೊತ್ತಿರುತ್ತಿರಲಿಲ್ಲ. ಮಗುವಿಗೆ ಜ್ವರ ಬಂದರೆ ಪಕ್ಕದ ಕ್ವಾರ್ಟರ್ಸಿನ ಓವರ್ಸಿಯರ ಹೆಂಡತಿ ಜೊತೆಗೆ ಬರಬೇಕು, ಅತ್ತೆಗೆ ಹುಷಾರು ತಪ್ಪಿದರೆ ಜೀಪಿನ ಡ್ರೈವರ್ ಸಾಮಾನು ತಲುಪಿಸಲು ಬಂದಾಗ ಸುದ್ದಿ ಕಳಿಸಬೇಕು.

ವರ್ಗಾವಣೆಯ ಕಾಗದ ಬಂತೆಂದರೆ ಕಬ್ಬಿಣದ ಟ್ರಂಕುಗಳು, ಹಾಸಿಗೆ ಸುರುಳಿ, ತುಳಸಿ ಕುಂಡ ಎಲ್ಲ ಲಾರಿ ಹತ್ತಬೇಕು. ಹೊಸ ಊರಿನಲ್ಲಿ ಜೂನ್ ಹೊತ್ತಿಗೆ ಸ್ಕೂಲಿನ ಅಡ್ಮಿಷನ್ ಆಗಬೇಕು. ಎರಡು ಮೂರು ವರ್ಗಾವಣೆ ಆದ ಮೇಲೆ ಮನೆಯ ಹೆಂಗಸರು ಒಂದು ತೀರ್ಮಾನಕ್ಕೆ ಬರುತ್ತಿದ್ದರು: ಮಕ್ಕಳ ಓದು ಮುಗಿಯುವವರೆಗೆ ತುಮಕೂರು ಬಿಡುವುದಿಲ್ಲ. 1963ರಲ್ಲಿ ಸಿದ್ಧಗಂಗಾ ಮಠದವರು ಎಂಜಿನಿಯರಿಂಗ್ ಕಾಲೇಜು ತೆರೆದ ಊರು ಬೇರೆ. ಹಾಗಾಗಿ ಯಜಮಾನರು ಶನಿವಾರ ಸಂಜೆ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಬಸ್ಸು ಹತ್ತಿ ಬಂದು, ಸೋಮವಾರ ಕೋಳಿ ಕೂಗುವ ಹೊತ್ತಿಗೆ ಎದ್ದು ಹೋಗುವುದು. ಆ ಒಂದು ಭಾನುವಾರದಲ್ಲಿ ಮಕ್ಕಳ ಲೆಕ್ಕ ನೋಡಬೇಕು, ರೇಷನ್ ತರಬೇಕು, ತಾಯಿಯ ಕಾಲು ನೋವಿಗೆ ಎಣ್ಣೆ ತರಬೇಕು, ತಂಗಿಯ ಜಾತಕ ಹಿಡಿದು ಯಾರನ್ನಾದರೂ ಕಾಣಬೇಕು. ಸಂಸಾರವನ್ನು ಪ್ರೀತಿಸಿದವರೆಂದು ಅಂಥವರನ್ನು ಕರೆಯುವಾಗ ಈ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಮನೆಯೊಳಕ್ಕೆ ಕೆಲಸವೂ ಬರುತ್ತಿತ್ತು. ನಾಲೆ ತೆಗೆಯುವುದಕ್ಕೆ ಮೊದಲು ಲೆವೆಲ್ ತೆಗೆಯಬೇಕು. ಮೂರು ಕಾಲಿನ ಮೇಲೆ ಡಂಪಿ ಲೆವೆಲ್ ನಿಲ್ಲಿಸಿ, ನೀರ್ಗುಳ್ಳೆಯನ್ನು ನಡುವಿಗೆ ತಂದು, ದೂರದಲ್ಲಿ ಖಲಾಸಿ ಹಿಡಿದು ನಿಂತ ಸ್ಟಾಫಿನ ಅಂಕಿಯನ್ನು ಓದಬೇಕು. ಹಳೆಯ ಉಪಕರಣಗಳಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು, ಖಲಾಸಿಯ ಕಾಲು ಮೇಲೆ, ರುಮಾಲು ಕೆಳಗೆ. ಹಾಗೆಯೇ ಓದುವುದು ರೂಢಿಯಾಗಿ ಹೋಗುತ್ತಿತ್ತು. ರಾತ್ರಿ ಲೆವೆಲ್ ಪುಸ್ತಕದ ತಾಳೆ ನೋಡಬೇಕು. ಬ್ಯಾಕ್‌ಸೈಟ್ ಕಾಲಂನ ಮೊತ್ತದಲ್ಲಿ ಫೋರ್‌ಸೈಟ್ ಮೊತ್ತ ಕಳೆದರೆ ಬರುವ ಅಂಕಿಯೂ, ಕೊನೆಯ ಮಟ್ಟದಲ್ಲಿ ಮೊದಲ ಮಟ್ಟ ಕಳೆದರೆ ಬರುವ ಅಂಕಿಯೂ ಒಂದೇ ಆಗಿರಬೇಕು. ಊಟ ಆದ ಮೇಲೆ ಚಾಪೆಯ ಮೇಲೆ ಮಗನಿಗೆ ಒಂದು ಕಾಲಂ, ಮಗಳಿಗೆ ಒಂದು ಕಾಲಂ ಕೂಡಲು ಕೊಟ್ಟ ಅಪ್ಪಂದಿರಿದ್ದಾರೆ. ಉತ್ತರ ತಾಳೆಯಾಗದಿದ್ದರೆ ಬೈಗುಳವಿಲ್ಲ, ಮೇಲಿಂದ ಮತ್ತೆ ಕೂಡು, ಅಷ್ಟೇ. ದೊಡ್ಡ ನಾಲೆಯ ಇಳಿಜಾರು ಐದು ಸಾವಿರ ಅಡಿಗೆ ಒಂದಡಿಯಷ್ಟು ಮಂದವಾಗಿರುತ್ತದೆ. ಅಂಕಿ ತಪ್ಪಿದರೆ ನೀರು ಮುಂದಕ್ಕೆ ಹೋಗುವುದಿಲ್ಲ.

ತುಮಕೂರು ಸೀಮೆಯ ಎಂಜಿನಿಯರುಗಳ ಒಂದು ಇಡೀ ತಲೆಮಾರಿನ ಆಯುಸ್ಸು ಹೇಮಾವತಿ ಯೋಜನೆಯಲ್ಲಿ ಕಳೆಯಿತು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ನೀರು ತುಮಕೂರಿಗೆ ಬರಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಬಳಿ ಹತ್ತು ಕಿಲೋಮೀಟರಿಗೆ ಸಮೀಪದ ಸುರಂಗ ದಾಟಿ, ತುಮಕೂರು ಶಾಖಾ ನಾಲೆಯಲ್ಲಿ ಹರಿಯಬೇಕು. ಸುರಂಗದ ಆಸುಪಾಸಿನ ಹಳ್ಳಿಗಳು ಬಾವಿ ಬತ್ತಿತೆಂದು ವರ್ಷಾನುಗಟ್ಟಲೆ ಹೋರಾಡಿದವು, ಆ ನೋವೂ ಈ ನೀರಿನ ಜೊತೆಗಿದೆ. ಬರದಿಂದ ಬೆಂದ ಗುಬ್ಬಿಯ ಅಡಿಕೆ ತೆಂಗಿನ ತೋಟಗಳಿಗೆ ನಾಲೆಯ ನೀರು ಎಂದರೆ ಏನೆಂದು ಅಲ್ಲಿಯ ರೈತರನ್ನು ಕೇಳಬೇಕು. ತುಮಕೂರು ನಗರ ಕುಡಿಯುವುದೂ ಅದೇ ನೀರನ್ನು, ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಟ್ಟು.

ಹೇಮಾವತಿಯ ಮಾತು ಬಂದಾಗ ತುಮಕೂರಿನವರು ನೀರಾವರಿ ಎಂಜಿನಿಯರ್ ಜಿ. ಎಸ್. ಪರಮಶಿವಯ್ಯನವರನ್ನು ನೆನೆಯುತ್ತಾರೆ. ನಿವೃತ್ತಿಯ ನಂತರವೂ ಅವರು ನಕ್ಷೆ ಮಡಚಿಡಲಿಲ್ಲ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ಘಟ್ಟದ ಮಳೆನೀರಿನ ಒಂದು ಪಾಲನ್ನು ನಾಲೆಗಳಲ್ಲಿ ಹಿಡಿದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ತರಬಹುದೆಂದು ವರದಿ ಬರೆದರು. ಕರಾವಳಿಯವರು ನೇತ್ರಾವತಿಯ ಹೆಸರಿನಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದರು. ಹೊಳೆಯ, ಕಾಡಿನ ಬಗ್ಗೆ ಅವರು ಎತ್ತಿದ ಪ್ರಶ್ನೆಗಳು ಹಗುರವಾದವಲ್ಲ. ಆಮೇಲೆ ಬಂದ 24.01 ಟಿಎಂಸಿಯ ಎತ್ತಿನಹೊಳೆ ಯೋಜನೆ ಪರಮಶಿವಯ್ಯನವರ ವರದಿಯ ಯಥಾಪ್ರತಿಯಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ವರದಿಯನ್ನು ಒಪ್ಪಲಿ ಬಿಡಲಿ, ಪೆನ್ಷನ್ ಬರುತ್ತಿದ್ದ ವಯಸ್ಸಿನಲ್ಲಿ ಬಯಲುಸೀಮೆಯ ಕೆರೆಗಳಿಗಾಗಿ ಹಾಗೆ ದುಡಿದವರನ್ನು ಗೌರವದಿಂದ ನೆನೆಯದೆ ಇರಲಾಗದು.

ಈಗ ಅದೇ ಹೇಮಾವತಿ ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಮಾತು ಬೆಳೆಸಿದೆ. ಗುಬ್ಬಿ ತಾಲ್ಲೂಕಿನಲ್ಲಿ ನಾಲೆಯಿಂದ ಪೈಪು ತೆಗೆದು ನೇರವಾಗಿ ಕುಣಿಗಲ್ ಕಡೆಗೆ ನೀರು ಕೊಂಡೊಯ್ಯುವ ಲಿಂಕ್ ಕೆನಾಲ್ ಬೇಡವೆಂದು 2025ರ ಮೇ ತಿಂಗಳ ಕೊನೆಗೆ ಗುಬ್ಬಿ ಕಡೆಯ ರೈತರು ದೊಡ್ಡದಾಗಿ ಬೀದಿಗಿಳಿದರು. ಜನಪದ ಗೀತೆಯಿಂದ ನಾಡಿಗೆಲ್ಲ ಹೆಸರಾದ ದೊಡ್ಡಕೆರೆಯ ಊರು ಕುಣಿಗಲ್ಲಿನವರು ತಮ್ಮ ಪಾಲು ಕೊನೆಯವರೆಗೆ ತಲುಪಿಲ್ಲ ಎನ್ನುತ್ತಾರೆ. ಗುಬ್ಬಿಯ ಹುಡುಗನಿಗೆ ಕುಣಿಗಲ್ಲಿನ ಹೆಣ್ಣು ತಂದುಕೊಂಡ ಮನೆಗಳು ಎಷ್ಟೋ ಇವೆ. ಅಂಥ ಮನೆಯ ನಿವೃತ್ತ ಎಂಜಿನಿಯರನ್ನು ಹಬ್ಬದ ಊಟಕ್ಕೆ ಬಂದ ಬೀಗರು ಕೇಳುವುದು ಸಹಜ: ‘ನೀವೇ ಹೇಳಿ ಸ್ವಾಮಿ, ಈ ನೀರು ಯಾರದು?’ ನಾಲೆಯ ಗೇಜು ಓದಿದವರಿಗೆ ನೀರು ಎಲ್ಲೆಲ್ಲಿ ಸೋರುತ್ತದೆ, ಎಲ್ಲೆಲ್ಲಿ ಪಂಪು ಇಳಿಸಿದ್ದಾರೆ, ಕೊನೆಯ ತೂಬಿಗೆ ಯಾಕೆ ಬರುವುದಿಲ್ಲ ಎಂಬುದು ಗೊತ್ತು. ಎರಡು ಕಡೆಯ ರಾಜಕಾರಣಿಗಳು ಮಾತಾಡಿದಷ್ಟು ಇವರನ್ನು ಕೂರಿಸಿ ಕೇಳಿದ್ದರೆ ಜಗಳದ ಅರ್ಧ ಭಾಗ ಲೆಕ್ಕದಲ್ಲೇ ತೀರುತ್ತಿತ್ತೇನೋ.

ಆ ಲೆಕ್ಕವೆಲ್ಲ ಇಲಾಖೆಯ ಕಪಾಟುಗಳಲ್ಲಿ ಉಳಿದಿದೆ ಎಂದು ನಂಬಿ ಕೂರಬಾರದು. ಅಳತೆ ಪುಸ್ತಕದಲ್ಲಿ ಎಷ್ಟು ಘನ ಮೀಟರ್ ಮಣ್ಣು, ಯಾವ ದರ ಎಂದಿರುತ್ತದೆ. ಯಾವ ರಾತ್ರಿ ಏರಿ ಒಸರಿತು, ಯಾವ ಊರಿನವರು ಬಂಡಿ ಕಟ್ಟಿಕೊಂಡು ಬಂದು ಮಣ್ಣು ಹಾಕಿದರು ಎಂಬುದು ಇರುವುದಿಲ್ಲ. ಅದನ್ನು ಬಲ್ಲವರು ಆ ಎಂಜಿನಿಯರುಗಳ ಹೆಂಡತಿಯರು. ತುಮಕೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಎಂಬತ್ತು ದಾಟಿದ ಎಷ್ಟೋ ಅಜ್ಜಿಯರಿದ್ದಾರೆ. ಇಸವಿ ಕೇಳಿದರೆ ಅವರು ವರ್ಗಾವಣೆಯಿಂದ ಲೆಕ್ಕ ಹಾಕುತ್ತಾರೆ. ದೊಡ್ಡ ಮಗ ಹುಟ್ಟಿದ್ದು ನಾಲೆಗೆ ಮೊದಲ ನೀರು ಬಿಟ್ಟ ವರ್ಷ, ಮಗಳು ನಡೆಯಲು ಕಲಿತದ್ದು ಆ ಕೆರೆಯ ಕೆಳಗಿನ ಕ್ವಾರ್ಟರ್ಸಿನಲ್ಲಿ. ಮೊಮ್ಮಕ್ಕಳು ಫೋನಿನ ರೆಕಾರ್ಡರ್ ಒತ್ತಿ ಅವರ ಮುಂದೆ ಕೂರಬೇಕು. ಯಾವ ಊರು, ಯಾವ ಕೆಲಸ, ಜೊತೆಗಿದ್ದ ಓವರ್ಸಿಯರ್ ಯಾರು, ಸೌಡಿ ಯಾರು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು. ಸಮಾರಾಧನೆಯ ದಿನ ಹಂಚುವ ಸ್ಮರಣೆಯ ಪುಸ್ತಕದಲ್ಲಿ ಮದುವೆಯ ಫೋಟೋದ ಎದುರು ಪುಟಕ್ಕೆ ನಾಲೆಯ ನಕ್ಷೆಯನ್ನೂ ಹಾಕಿಸಬೇಕು.