ಬೀಗ ಹಾಕಿದ ಫೋನು

ನಮ್ಮ ಹಾಸ್ಟೆಲ್ ಫೋನಿನ ಡಯಲ್‌ಗೆ ಬೀಗ ಇರೋದು. ಬಸ್ಸಲ್ಲಿ ಪರಿಚಯವಾದ ಕಣ್ಣು ಕಾಣದ ಗೆಳೆಯನೊಬ್ಬ ಬಂದು, ರಿಸೀವರ್ ಎತ್ತಿ, ಅದರಡಿಯ ಗುಂಡಿಯನ್ನ ಟಕಟಕ ಒತ್ತಿದ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು. ಡಯಲ್ ಮಾಡೋದೂ ಅಷ್ಟೇ, ಲೈನನ್ನ ಅಷ್ಟು ಸಲ ಕಡಿದು ಕೂಡಿಸೋದು. ರಿಂಗಾಯ್ತು! ಹುಚ್ಚು ಹಿಡೀತು. ಆದ್ರೆ ಯಾರಿಗೆ ಮಾಡೋದು? ಊರಲ್ಲಿ ಫೋನಿದ್ದದ್ದು ಗೌಡ್ರ ಮನೇಲಿ. ಕೇರಿಯಿಂದ ಅವ್ವನ್ನ ಕರೆಯೋರ್ಯಾರು? ಟೈಮ್ ಹೇಳೋ ನಂಬರಿಗೆ ಮಾಡಿ ಕೇಳ್ತಾ ಕೂರ್ತಿದ್ವಿ.

ಜೋ ಎಂಗ್ರೆಸಿಯಾ ಬಗ್ಗೆ ಹೇಳಿದ್ದೂ ಅವನೇ. ಅಮೆರಿಕದ ಈ ಅಂಧ ಹುಡುಗ ಐದನೇ ವಯಸ್ಸಿಗೇ ಹೀಗೆ ಗುಂಡಿ ಒತ್ತೋದು ಕಲಿತ. ಏಳಕ್ಕೆ, ಸಿಳ್ಳೆ ಹಾಕಿದ್ರೆ ದೂರದ ಲೈನ್ ಕಡಿಯುತ್ತೆ ಅಂತ ಕಂಡ್ಕೊಂಡ. 2600 ಹರ್ಟ್ಜ್, ಕಂಪನಿಯ ಯಂತ್ರಗಳದ್ದೇ ಸ್ವರ. 1971ರಲ್ಲಿ ಅರೆಸ್ಟಾದ. ಆಮೇಲೆ ಫೋನ್ ಕಂಪನಿಯಲ್ಲೇ ಕೆಲಸ ಸಿಕ್ತು.

ನನ್ನ ಗೆಳೆಯನಿಗೆ ಸಿಕ್ಕಿದ್ದು, ಅಂಗವಿಕಲರ ಕೋಟಾದಲ್ಲಿ, ಒಂದು ಎಸ್‌ಟಿಡಿ ಬೂತ್.