ಗೂಡ್ಸ್ ರೈಲಿನ ಕೊನೆಯ ಡಬ್ಬಿ

ನಮ್ಮ ಗೋಡೆ ಪತ್ರಿಕೆಯಲ್ಲಿ ಎಲ್ಲರೂ ಬೇಲೂರು, ಹಳೇಬೀಡು, ಧರ್ಮಸ್ಥಳಕ್ಕೆ ಹೋಗಿ ಬಂದದ್ದನ್ನು ಬರೆದಿದ್ದಾರೆ. ನಾನು ಹೋಗಿದ್ದು ಸಕಲೇಶಪುರದ ರೈಲ್ವೆ ಸ್ಟೇಷನ್‌ಗೆ. ರೈಲು ಹತ್ತುವುದಕ್ಕಲ್ಲ, ಗೂಡ್ಸ್ ರೈಲು ನೋಡಿ ಫೋಟೊ ತೆಗೆಯುವುದಕ್ಕೆ! "ಗೂಡ್ಸ್‌ನಲ್ಲಿ ನೋಡೋದು ಏನೇ ಇದೆ?" ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ನನ್ನ ಚಿಕ್ಕಪ್ಪ ರೈಲ್ವೆಯಲ್ಲಿ ಟ್ರ್ಯಾಕ್‌ಮನ್. ಅಜ್ಜಿ ಮಾತ್ರ ಈಗಲೂ ಗ್ಯಾಂಗ್‌ಮನ್ ಅಂತಲೇ ಹೇಳೋದು. ಸಂಕ್ರಾಂತಿ ಕಳೆದ ಭಾನುವಾರ ಅವರಿಗೆ ರಜೆ ಇತ್ತು. ನಾನು, ದೊಡ್ಡಪ್ಪನ ಮಗ ಅಣ್ಣ, ಚಿಕ್ಕಪ್ಪ ಮೂವರೂ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಹೊರಟೆವು. ಅಜ್ಜಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕಟ್ಟಿಕೊಟ್ಟರು. ಅಣ್ಣನ ಹತ್ತಿರ ಮೊಬೈಲ್ ಇತ್ತು. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಸ್ಟೇಷನ್ ಮಾಸ್ಟರ್ ಹತ್ತಿರ ಕೇಳಿಯೇ ಒಳಗೆ ಕೂತೆವು. "ಫೋಟೊ ತಗೊಳ್ಳಿ. ಆದ್ರೆ ಹಳದಿ ಗೆರೆ ದಾಟಬಾರ್ದು, ಹಳಿಗೆ ಇಳೀಬಾರ್ದು" ಅಂದರು.

ರೈಲು ಬರುವ ತನಕ ಚಿಕ್ಕಪ್ಪ ಘಾಟಿ ವಿಷಯ ಹೇಳಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ಗೆ ಸುಮಾರು 55 ಕಿಲೋಮೀಟರ್. ಅಷ್ಟರೊಳಗೆ 57 ಸುರಂಗ ಇವೆ! 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರುವಂಥ ಏರು. ಗಂಟೆಗೆ 30 ಕಿಲೋಮೀಟರ್‌ಗಿಂತ ಜೋರಾಗಿ ಓಡಿಸುವ ಹಾಗಿಲ್ಲ. ಮೊದಲು ಇಲ್ಲಿ ಸಣ್ಣ ಹಳಿ ಇತ್ತಂತೆ. ಅಗಲ ಮಾಡೋಕೆ 1996ರಲ್ಲಿ ಮುಚ್ಚಿದರು. 2006ರಲ್ಲಿ ಗೂಡ್ಸ್ ಬಿಟ್ಟರು, ಜನ ಹೋಗುವ ರೈಲು ಶುರುವಾಗಿದ್ದು 2007ರ ಡಿಸೆಂಬರ್‌ನಲ್ಲಿ. "ದಾರಿ ಸರಿ ಇದೆಯಾ ಅಂತ ಮೊದ್ಲು ನೋಡೋದೇ ಗೂಡ್ಸು" ಅಂದರು ಚಿಕ್ಕಪ್ಪ.

ಹತ್ತೂವರೆ ಹೊತ್ತಿಗೆ ಘಾಟಿ ಕಡೆಯಿಂದ ಹಾರನ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಾಲ ಕೆಳಗಿನ ಕಲ್ಲು ಗುಂಯ್ ಅನ್ನತೊಡಗಿತು. ಮುಂದೆ ಎರಡು ಎಂಜಿನ್, ಹಿಂದೆ ಕಲ್ಲಿದ್ದಲು ತುಂಬಿದ ಡಬ್ಬಿಗಳು. ಮಂಗಳೂರು ಬಂದರಿನ ಕಡೆಯಿಂದ ಬಂದ ಮಾಲು. ನಾನೂ ಅಣ್ಣನೂ ಡಬ್ಬಿ ಎಣಿಸಿದೆವು. ಅವನು 58 ಅಂದ, ನಾನು 59 ಅಂದೆ. ಜಗಳ ಶುರುವಾಯಿತು. ಚಿಕ್ಕಪ್ಪ ನಕ್ಕು, "ಗಾರ್ಡ್ ಡಬ್ಬಿ ಬಿಟ್ಟೆಯಲ್ಲೋ" ಅಂತ ಅಣ್ಣನ ತಲೆಗೆ ಮೆಲ್ಲಗೆ ಮೊಟಕಿದರು!

ಗಾರ್ಡ್ ಡಬ್ಬಿ ಆದ ಮೇಲೂ ರೈಲು ಮುಗಿದಿರಲಿಲ್ಲ. ಇನ್ನೂ ಎರಡು ಎಂಜಿನ್ ಹಿಂದಿನಿಂದ ನೂಕುತ್ತಾ ಬಂದವು. ಅದಕ್ಕೆ ಬ್ಯಾಂಕರ್ ಅಂತಾರಂತೆ. ಎಲ್ಲಾ ಭಾರ ಮುಂದಿನಿಂದಲೇ ಎಳೆದರೆ ಮುಂದಿನ ಡಬ್ಬಿಯ ಕೊಂಡಿ ತುಂಡಾಗಬಹುದು. "ಭತ್ತದ ಗಾಡಿ ಏರು ಹತ್ತುವಾಗ ಹಿಂದಿನಿಂದ ಹೆಗಲು ಕೊಡ್ತೀವಲ್ಲ ಮಗಾ, ಹಾಗೇ" ಅಂದರು. ಏರು ಮುಗಿದಿದ್ದರಿಂದ ಸ್ಟೇಷನ್‌ನಲ್ಲಿ ಆ ಎರಡನ್ನೂ ಬಿಚ್ಚಿದರು. ಆಗ ಗಾರ್ಡ್ ಡಬ್ಬಿಯೇ ಕೊನೆಯದಾಯಿತು. ಅದರ ಹಿಂದೆ ಒಂದು ಹಳದಿ ಹಲಗೆ, ಕಪ್ಪು ಅಕ್ಷರದಲ್ಲಿ 'ಎಲ್‌ವಿ' ಅಂತ ಇತ್ತು. ಕೊನೆಯ ಗಾಡಿ ಅಂತ ಅರ್ಥ. ಆ ಹಲಗೆ ಕಂಡರೆ ರೈಲು ಪೂರ್ತಿ ಬಂದಿದೆ, ದಾರಿಯಲ್ಲಿ ಡಬ್ಬಿ ಕಳಚಿ ಉಳಿದಿಲ್ಲ ಅಂತ ಸ್ಟೇಷನ್‌ನವರಿಗೆ ಗೊತ್ತಾಗುತ್ತೆ. ರಾತ್ರಿಯಾದರೆ ಕೆಂಪು ದೀಪ.

ಆ ಹಲಗೆ ನೋಡುತ್ತಾ ಚಿಕ್ಕಪ್ಪ ಸುಮ್ಮನಾದರು. ಆಮೇಲೆ 2024ರ ಮಾತು ತೆಗೆದರು. ಆ ವರ್ಷ ಜುಲೈ 26ರಂದು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದಿತ್ತು. ನಾನಾಗ ಆರನೇ ತರಗತಿ. ಚಿಕ್ಕಪ್ಪ ಎಷ್ಟೋ ದಿನ ಮನೆಗೇ ಬರಲಿಲ್ಲ. ಮಳೆಗಾಲದಲ್ಲಿ ಅವರು ರಾತ್ರಿ ಟಾರ್ಚ್ ಹಿಡಿದು ಹಳಿ ಮೇಲೆ ನಡೆಯುತ್ತಾರೆ. ಚೀಲದಲ್ಲಿ ಪಟಾಕಿ ಇರುತ್ತೆ. ದೀಪಾವಳಿಯದಲ್ಲ! ಮುಂದೆ ಗುಡ್ಡ ಬಿದ್ದಿದ್ದರೆ ಅದನ್ನು ಹಳಿಗೆ ಕಟ್ಟುತ್ತಾರೆ, ಚಕ್ರ ಹತ್ತಿದಾಗ ಢಂ ಅನ್ನುತ್ತೆ, ಡ್ರೈವರ್ ರೈಲು ನಿಲ್ಲಿಸುತ್ತಾರೆ. ಆ ವಾರವೆಲ್ಲ ಅಜ್ಜಿ ಊಟಕ್ಕೆ ಕೂತರೂ ಕಿವಿ ಹೊರಗೇ ಇರುತ್ತಿತ್ತು. "ನಮ್ಮ ಹುಡುಗ ಯಾವ ಸುರಂಗದ ಬಾಯಲ್ಲಿ ನೆನೀತಿದಾನೋ" ಅನ್ನುತ್ತಿದ್ದರು.

ಆಗಸ್ಟ್‌ನಲ್ಲಿ ದುರಸ್ತಿ ಮುಗಿದು ಆಗಲೂ ಮೊದಲು ಬಿಟ್ಟಿದ್ದು ಗೂಡ್ಸನ್ನೇ. ಕುಸಿದ ಜಾಗದಲ್ಲಿ ಅದು ಇರುವೆ ಹಾಗೆ ಹೋಯಿತಂತೆ. "ಎಂಜಿನ್ ದಾಟ್ದಾಗ ನಂಗೆ ಸಮಾಧಾನ ಆಗ್ಲಿಲ್ಲ ಮಗಾ. ಕೊನೆ ತನಕ ಪೂರ್ತಿ ದಾಟಿದ್ಮೇಲೆ ಉಸಿರು ಬಿಟ್ಟೆ" ಅಂದರು. ಇದನ್ನು ಅವರು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಅಷ್ಟರಲ್ಲಿ ಗೂಡ್ಸ್ ಹಾಸನದ ಕಡೆಗೆ ಹೊರಟಿತು. ಅಣ್ಣ 31 ಫೋಟೊ ತೆಗೆದಿದ್ದ, ಎಲ್ಲವೂ ಎಂಜಿನ್ನಿನದೇ. ನಾನು ಮೊಬೈಲ್ ಕಿತ್ತುಕೊಂಡು ಒಂದೇ ಒಂದು ತೆಗೆದೆ. ಅದನ್ನೇ ಇಲ್ಲಿ ಕೆಳಗೆ ಅಂಟಿಸಿದ್ದೇನೆ. ಗಾರ್ಡ್ ಹಸಿರು ಬಾವುಟ ಹಿಡಿದಿದ್ದಾರೆ. 2022ರಿಂದ ಅವರಿಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು. ಮೂಲೆಯಲ್ಲಿ ಕೈ ಎತ್ತಿರುವವರು ನಮ್ಮ ಚಿಕ್ಕಪ್ಪ.

ನೀವೂ ಗೂಡ್ಸ್ ಕಂಡರೆ ಎಂಜಿನ್ ಹೋಯ್ತು ಅಂತ ಓಡಿಬರಬೇಡಿ. ದೂರದಲ್ಲೇ ನಿಂತು ಕೊನೆಯ ಡಬ್ಬಿ ತನಕ ನೋಡಿ, ಕೈ ಬೀಸಿ. ಅವರೂ ಖಂಡಿತ ಬೀಸುತ್ತಾರೆ.

— 7ನೇ ತರಗತಿ